ಕರೆಂಟ್ ಹೋದ ದಿನವೇ ಫೋನ್ ಚಾರ್ಜು ಯಾಕೆ ಬೇಗ ಖಾಲಿಯಾಗುತ್ತದೆ?

ಮಲೆನಾಡಿನಲ್ಲಿ ಮಳೆಗಾಲ ಕಳೆದವರಿಗೆಲ್ಲ ಇದು ಗೊತ್ತು. ಜುಲೈ ತಿಂಗಳಲ್ಲಿ ಒಂದು ದಿನ ಗಾಳಿ ಜೋರಾಗುತ್ತದೆ. ಎಲ್ಲೋ ಒಂದು ಮರ ಲೈನಿನ ಮೇಲೆ ಬೀಳುತ್ತದೆ. ಕರೆಂಟ್ ಹೋಗುತ್ತದೆ. ಸಂಜೆಗೆ ಬಂದರೂ ಬಂತು, ಮೂರು ದಿನ ಬಿಟ್ಟು ಬಂದರೂ ಬಂತು. ಚಾರ್ಜು ಉಳಿಸಬೇಕು ಅಂತ ಮನೆಯವರೆಲ್ಲ ಫೋನನ್ನು ಮುಟ್ಟದೆ ಬದಿಗಿಡುತ್ತಾರೆ. ಆದರೂ ಬೇರೆ ದಿನ ರಾತ್ರಿಯವರೆಗೆ ಬರುತ್ತಿದ್ದ ಚಾರ್ಜು ಅವತ್ತು ಮಧ್ಯಾಹ್ನಕ್ಕೇ ಮುಗಿದಿರುತ್ತದೆ.

ಹೊಸನಗರದ ಕಡೆ ನಮ್ಮ ಚಿಕ್ಕಪ್ಪನ ಮನೆ. ಮನೆ ಕೆಳಗೆ ಅಡಿಕೆ ತೋಟ, ಎದುರಿಗೆ ಗುಡ್ಡ, ಹಿಂದೆ ಕಾಡು. ಹೋದ ಮಳೆಗಾಲದಲ್ಲಿ ಅಲ್ಲಿದ್ದಾಗ, ಬೆಳಿಗ್ಗೆ ಜಗಲಿಗೆ ಬಂದ ಚಿಕ್ಕಪ್ಪ ಫೋನನ್ನು ನನ್ನ ಕೈಗೆ ಕೊಟ್ಟು ಕೇಳಿದರು: "ಎಂತ ಮಾರಾಯ ಇದು? ರಾತ್ರಿ ಅರವತ್ತು ಇತ್ತು. ನಾ ಮುಟ್ಟಲೇ ಇಲ್ಲ. ಈಗ ನೋಡಿದ್ರೆ ಹದಿನೈದು. ಬ್ಯಾಟ್ರಿ ಹೋಗಿದ್ಯಾ?"

ಬ್ಯಾಟರಿ ಹೋಗಿರಲಿಲ್ಲ. ಕರೆಂಟ್ ಹೋದಾಗ ಟವರ್ ಕೂಡ ಹೋಗಿತ್ತು.

ಮೊಬೈಲ್ ಟವರಿಗೂ ನಮ್ಮ ಮನೆಗೆ ಬರುವಂಥ ಲೈನಿನಿಂದಲೇ ಕರೆಂಟ್ ಬರುತ್ತದೆ. ಅದು ನಿಂತ ಮೇಲೆ ಟವರಿನ ಬುಡದಲ್ಲಿರುವ ಬ್ಯಾಟರಿಗಳು ಸ್ವಲ್ಪ ಹೊತ್ತು ಎಳೆಯುತ್ತವೆ. ಆಮೇಲೆ ಡೀಸೆಲ್ ಜನರೇಟರ್ ಇದ್ದರೆ, ಅದಕ್ಕೆ ಡೀಸೆಲ್ ಹಾಕಲು ಯಾರಾದರೂ ಬಂದರೆ ಉಂಟು. ಇಲ್ಲದಿದ್ದರೆ ಟವರ್ ಮಲಗುತ್ತದೆ. ಹತ್ತಿರದ ಟವರ್ ಸುಮ್ಮನಾದ ಮೇಲೆ ಫೋನು ಹುಡುಕಾಟ ಶುರು ಮಾಡುತ್ತದೆ. ಸಿಗ್ನಲ್ ಬರುವ ಅಲೆಗಳ ಪಟ್ಟಿಗಳನ್ನು, ಅಂದರೆ ಬ್ಯಾಂಡ್‌ಗಳನ್ನು, ಒಂದೊಂದಾಗಿ ತಡಕಿ ನೋಡುತ್ತದೆ. ಗುಡ್ಡದಾಚೆಯ ಯಾವುದೋ ದೂರದ ಟವರಿನ ಸಣ್ಣ ಸದ್ದು ಕೇಳಿಸಿದರೆ ಅದಕ್ಕೇ ಅಂಟಿಕೊಳ್ಳುತ್ತದೆ. ಗಾಳಿ ಮಳೆಗೆ ಅದೂ ತಪ್ಪಿಹೋಗುತ್ತದೆ. ಮತ್ತೆ ಮೊದಲಿಂದ. ಜಗಲಿಯಲ್ಲಿ ಕೂತವರ ಹತ್ತಿರ ಮಾತಾಡುವುದಕ್ಕೂ ತೋಟದ ಕೊನೆಯಲ್ಲಿ ಇದ್ದವರನ್ನು ಕೂಗಿ ಕರೆಯುವುದಕ್ಕೂ ಎಷ್ಟು ವ್ಯತ್ಯಾಸ ಇದೆಯೋ, ಹತ್ತಿರದ ಟವರಿಗೂ ದೂರದ ಟವರಿಗೂ ಅಷ್ಟೇ ವ್ಯತ್ಯಾಸ. ಫೋನು ಗಂಟಲು ಹರಿಯುವ ಹಾಗೆ ಕೂಗುತ್ತಲೇ ಇರುತ್ತದೆ. ಪರದೆ ಆರಿರುತ್ತದೆ, ನಮಗೇನೂ ಕಾಣುವುದಿಲ್ಲ, ಅಷ್ಟೇ.

ಚಾರ್ಜು ಉಳಿಸುವ ಬಗ್ಗೆ ಸಿಗುವ ಸಲಹೆಗಳಲ್ಲಿ ಈ ವಿಷಯ ಕೊನೆಯಲ್ಲೆಲ್ಲೋ ಒಂದು ಸಾಲು ಇರುತ್ತದೆ. ಅವನ್ನು ಬರೆಯುವವರು ಸಾಮಾನ್ಯವಾಗಿ ಸಿಗ್ನಲ್ ಚೆನ್ನಾಗಿರುವ ಊರಿನವರು. ಅವರಿಗೆ ದೊಡ್ಡ ಖರ್ಚು ಅಂದರೆ ಪರದೆ. ನಮ್ಮ ಘಟ್ಟದ ಊರುಗಳಲ್ಲಿ ಲೆಕ್ಕವೇ ಬೇರೆ. ಹಾಗಾಗಿ ಸೆಟ್ಟಿಂಗ್ಸ್ ಬದಲಿಸುವುದನ್ನು ಸಿಗ್ನಲ್‌ನಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಮಾತು.

ಮೊದಲು ಖರ್ಚಿನ ಅಂದಾಜು ಇರಲಿ. ಈಗಿನ ಸಾಧಾರಣ ಫೋನಿನ ಬ್ಯಾಟರಿ 5000 ಎಂಎಎಚ್. ಅದನ್ನು ಶಕ್ತಿಯ ಲೆಕ್ಕಕ್ಕೆ ತಂದರೆ ಸುಮಾರು 19 ವ್ಯಾಟ್‌ಅವರ್. ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ಅದರಿಂದ ಉರಿಸಿದರೆ ಎರಡು ಗಂಟೆಗೆ ಮುಗಿಯುತ್ತದೆ. ಅಷ್ಟೇ ಶಕ್ತಿಯಲ್ಲಿ ಫೋನು ಒಂದು ಹಗಲು, ಒಂದು ರಾತ್ರಿ ನಡೆಯಬೇಕು ಅಂದರೆ ಸರಾಸರಿ 0.8 ವ್ಯಾಟ್ ಮೀರಬಾರದು. ಎರಡು ದಿನ ಬರಬೇಕಾದರೆ 0.4. ಕರೆಂಟ್ ಬಿಲ್ಲಿನ ದೃಷ್ಟಿಯಿಂದ ಇದು ಏನೂ ಅಲ್ಲ. ಚಾರ್ಜರಿನಲ್ಲಿ ಬಿಸಿಯಾಗಿ ಹೋಗುವುದನ್ನು ಸೇರಿಸಿದರೂ ಒಂದು ಯೂನಿಟ್‌ಗೆ ಸುಮಾರು ನಲವತ್ತು ಸಲ ಫೋನನ್ನು ತುಂಬಿಸಬಹುದು. ಹಣ ಉಳಿಸಲು ಯಾರೂ ಈ ಕೆಲಸ ಮಾಡಬೇಕಾಗಿಲ್ಲ. ಬೇಕಾದ ಹೊತ್ತಿಗೆ ಫೋನು ಜೀವಂತ ಇರಬೇಕು ಅಂತ ಮಾಡುವುದು.

ಚಿಕ್ಕಪ್ಪನ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ಬ್ಯಾಟರಿ ಯೂಸೇಜ್ ನೋಡಿದೆ. ಅಲ್ಲಿ ಆಪ್‌ಗಳ ಪಟ್ಟಿ ಬೇರೆ, ಸಿಸ್ಟಮ್ ಪಟ್ಟಿ ಬೇರೆ ಇರುತ್ತದೆ. ಹೆಚ್ಚಿನವರು ಆಪ್‌ಗಳನ್ನು ಮಾತ್ರ ನೋಡಿ ಮುಚ್ಚುತ್ತಾರೆ. ಸಿಸ್ಟಮ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಮೊಬೈಲ್ ನೆಟ್‌ವರ್ಕ್. ಪರದೆ ಅದರ ಕೆಳಗೆ.

ಇನ್ನೊಂದು ಜಾಗವನ್ನೂ ನೋಡಬೇಕು. ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ಅಂತ ಇರುತ್ತದೆ. ಅಲ್ಲಿ ಸಿಗ್ನಲ್ ಎಷ್ಟಿದೆ ಅಂತ ಡಿಬಿಎಂ ಲೆಕ್ಕದಲ್ಲಿ ಬರೆದಿರುತ್ತದೆ. ಮೇಲುಗಡೆ ಕಾಣುವ ಕಡ್ಡಿಗಳಿಗಿಂತ ಇದು ನಂಬಿಕೆಯದ್ದು. ಸಂಖ್ಯೆಯ ಹಿಂದೆ ಮೈನಸ್ ಇರುತ್ತದೆ, ಹಾಗಾಗಿ ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 85 ಅಂದರೆ ಚೆನ್ನಾಗಿದೆ. ಮೈನಸ್ 100 ಪರವಾಗಿಲ್ಲ. ಮೈನಸ್ 115 ದಾಟಿದರೆ ಇದ್ದೂ ಇಲ್ಲದ ಹಾಗೆ. ಪ್ರತಿ 10 ಇಳಿದಾಗಲೂ ಸಿಗುವ ಸಿಗ್ನಲ್ ಹತ್ತರಲ್ಲಿ ಒಂದು ಭಾಗಕ್ಕೆ ಇಳಿದಿರುತ್ತದೆ. 90ಕ್ಕೂ 110ಕ್ಕೂ ನಡುವೆ ನೂರು ಪಟ್ಟು ವ್ಯತ್ಯಾಸ.

ಫೋನನ್ನು ಕೈಯಲ್ಲಿ ಹಿಡಿದು ಮನೆ ತುಂಬಾ ತಿರುಗಿದೆ. ಒಳಕೋಣೆಯಲ್ಲಿ, ದಪ್ಪ ಮಣ್ಣಿನ ಗೋಡೆಗಳ ನಡುವೆ, ಚಿಕ್ಕಪ್ಪ ರಾತ್ರಿ ಫೋನ್ ಇಡುತ್ತಿದ್ದ ಮಂಚದ ತಲೆದೆಸೆಯಲ್ಲಿ, ಮೈನಸ್ 118. ಅಡುಗೆಮನೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಜಗಲಿಯಲ್ಲಿ 108. ಜಗಲಿಯ ಬಲಗಡೆ ಕಿಟಕಿಯ ಹತ್ತಿರ ಹೋದರೆ 99. ಆ ಕಿಟಕಿಯ ಸರಳಿಗೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿ ಅದರಲ್ಲಿ ಫೋನನ್ನು ನಿಲ್ಲಿಸುವ ಏರ್ಪಾಡು ಮಾಡಿದೆವು. ಯಾವ ಮೆನುವಿನಲ್ಲೂ ಇಲ್ಲದ ಸೆಟ್ಟಿಂಗ್ ಇದು. ಇಂಥ ಮನೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದೂ ಇದೇ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗುವ ಜಾಗ ಯಾವುದು ಅಂತ ಮಕ್ಕಳಿಗೂ ಗೊತ್ತು, ಮಾತಾಡಬೇಕಾದಾಗ ಅಲ್ಲಿಗೇ ಹೋಗಿ ನಿಲ್ಲುತ್ತಾರೆ. ಆದರೆ ಮಾತಾಡದೆ ಇರುವಾಗಲೂ ಫೋನು ಅಲ್ಲೇ ಇರಬೇಕು ಅನ್ನುವುದು ಹೊಳೆಯುವುದಿಲ್ಲ.

ಆಮೇಲೆ ಸಿಮ್. ಚಿಕ್ಕಪ್ಪನ ಫೋನಿನಲ್ಲಿ ಎರಡು ಸಿಮ್ ಇದ್ದವು. ಒಂದಕ್ಕೆ ಊರಿನಲ್ಲಿ ಟವರ್ ಇದೆ. ಇನ್ನೊಂದು ಶಿವಮೊಗ್ಗಕ್ಕೆ ಹೋದಾಗ ಬೇಕಾಗುತ್ತದೆ ಅಂತ ಹಾಕಿಸಿಕೊಂಡದ್ದು. ಆ ಎರಡನೇ ಸಿಮ್ ಮನೆಯಲ್ಲಿ ಇರುವಷ್ಟು ಹೊತ್ತೂ ಇಲ್ಲದ ಟವರನ್ನು ಹುಡುಕುತ್ತಿತ್ತು. ಸಿಮ್ ತೆಗೆಯಬೇಕಾಗಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ ಸಿಮ್ ಮುಂದೆ ಇರುವ ಬಟನ್ ಆಫ್ ಮಾಡಿದರೆ ಸಾಕು. ಪೇಟೆಗೆ ಹೊರಟಾಗ ಆನ್ ಮಾಡಿಕೊಳ್ಳುವುದು. ಆದರೆ ಬ್ಯಾಂಕಿಗೆ ಕೊಟ್ಟ ನಂಬರ್ ಯಾವುದು ಅಂತ ನೋಡಿಕೊಂಡು ಆಫ್ ಮಾಡಿ. ಒಟಿಪಿ ಬರುವ ಸಿಮ್ ಆಫ್ ಆಗಿದ್ದರೆ ಸುಮ್ನೆ ಒದ್ದಾಟ.

5ಜಿ ವಿಷಯವೂ ಇದೇ ಥರ. ದೇಶದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್‌ನಲ್ಲಿ. ಈಗ ಕೊಳ್ಳುವ ಫೋನುಗಳೆಲ್ಲ ಹೆಚ್ಚುಕಡಿಮೆ 5ಜಿಯವೇ. ನಿಮ್ಮ ಊರಿನಲ್ಲಿ 5ಜಿ ಇಲ್ಲ, ಅಥವಾ ಆಗೊಮ್ಮೆ ಈಗೊಮ್ಮೆ ಇಣುಕಿ ಹೋಗುತ್ತದೆ ಅಂದರೆ, ಪ್ರಿಫರ್ಡ್ ನೆಟ್‌ವರ್ಕ್ ಟೈಪ್ ಅನ್ನುವಲ್ಲಿ 4ಜಿ, 3ಜಿ, 2ಜಿ ಮೂರೂ ಇರುವ ಆಯ್ಕೆ ಒತ್ತಿ. ಬರೀ 4ಜಿ ಅಂತ ಕಟ್ಟಿಹಾಕಬೇಡಿ. ಜಿಯೋದವರಿಗೆ ಅದರಿಂದ ತೊಂದರೆ ಇಲ್ಲ, ಅವರ ಬಳಿ 2ಜಿ, 3ಜಿ ಇಲ್ಲವೇ ಇಲ್ಲ. ಬಿಎಸ್‌ಎನ್‌ಎಲ್ ಸಿಮ್ ಇದ್ದವರಿಗೆ ಮಾತ್ರ ಹಳೆಯ ಟವರಿಗೆ ಇಳಿಯುವ ದಾರಿ ತೆರೆದಿರಬೇಕು. ಇಲ್ಲದಿದ್ದರೆ ಕರೆಯೇ ಬರದೆ ಹೋಗಬಹುದು.

ಇಷ್ಟೆಲ್ಲ ಆದ ಮೇಲೂ ಟವರೇ ಮಲಗಿದ ದಿನ ಏನು ಮಾಡುವುದು? ಏರ್‌ಪ್ಲೇನ್ ಮೋಡ್. ವಿಮಾನ ಹತ್ತದವರಿಗೂ ಅದು ಬೇಕು. ಅದನ್ನು ಒತ್ತಿದ ಕೂಡಲೇ ಹುಡುಕಾಟ ನಿಲ್ಲುತ್ತದೆ. ಒಳ್ಳೆಯ ಬ್ಯಾಟರಿ ಇರುವ ಫೋನು ಹೀಗೆ ರಾತ್ರಿಯಿಡೀ ಇದ್ದರೆ ಬೆಳಿಗ್ಗೆ ನೋಡಿದಾಗ ಎರಡು ಮೂರು ಪರ್ಸೆಂಟ್ ಮಾತ್ರ ಇಳಿದಿರುತ್ತದೆ. ಅರವತ್ತರಿಂದ ಹದಿನೈದಕ್ಕೆ ಇಳಿಯುವ ಮಾತೇ ಇಲ್ಲ.

ಇದಕ್ಕೆ ಜನ ಒಪ್ಪುವುದಿಲ್ಲ, ಅದಕ್ಕೆ ಕಾರಣವೂ ಇದೆ. ಮಗ ಬೆಂಗಳೂರಿನಿಂದ ಮಾಡಿದರೆ? ಯಾರಿಗಾದರೂ ಹುಷಾರಿಲ್ಲದೆ ಆದರೆ? ಚಿಕ್ಕಮ್ಮ ಕೇಳಿದ್ದೂ ಅದನ್ನೇ. "ಫೋನ್ ಇಟ್ಕಂಡಿದ್ದೇ ಮಕ್ಕಳು ಮಾಡ್ತಾರೆ ಅಂತ. ಅದ್ನೇ ಬಂದ್ ಮಾಡಿ ಅಂದ್ರೆ ಹೆಂಗೆ?"

ನಾವು ಕಂಡುಕೊಂಡ ದಾರಿ ಹೊತ್ತು ಗೊತ್ತು ಮಾಡಿಕೊಳ್ಳುವುದು. ಕರೆಂಟ್ ಹೋದ ದಿನಗಳಲ್ಲಿ ಬೆಳಿಗ್ಗೆ ಎಂಟರಿಂದ ಎಂಟೂವರೆ, ಸಂಜೆ ಏಳರಿಂದ ಏಳೂವರೆ ಫೋನು ಕಿಟಕಿಯಲ್ಲಿ, ಏರ್‌ಪ್ಲೇನ್ ಮೋಡ್ ತೆಗೆದು. ಬಾಕಿ ಹೊತ್ತು ಮಲಗಿಸಿ. ಬೆಂಗಳೂರಿನ ಮಕ್ಕಳಿಗೂ ಇದು ಗೊತ್ತು. ಹಗಲು ಹೊತ್ತು ಮಾಡಿ ಸಿಗದಿದ್ದರೆ ಅವರು ಗಾಬರಿಯಾಗುವುದಿಲ್ಲ, ಸಂಜೆ ಏಳಕ್ಕೆ ಮಾಡುತ್ತಾರೆ. ಮನೆಯಿಂದ ತುರ್ತಾಗಿ ಮಾಡಬೇಕಾದರೆ ಯಾವಾಗ ಬೇಕಾದರೂ ಆನ್ ಮಾಡಿ ಮಾಡಬಹುದು, ಚಾರ್ಜು ಇರುತ್ತದೆ. ಎಸ್‌ಟಿಡಿ ಬೂತಿನ ಕಾಲದವರಿಗೆ ಇದು ಹೊಸದೇನೂ ಅಲ್ಲ. ರಾತ್ರಿ ದರ ಇಳಿದ ಮೇಲೆ ಸಾಲಿನಲ್ಲಿ ನಿಂತು ಮಾತಾಡುತ್ತಿದ್ದರು, ಆಚೆ ಊರಿನಲ್ಲಿ ಆ ಹೊತ್ತಿಗೆ ಇನ್ನೊಬ್ಬರು ಫೋನಿನ ಹತ್ತಿರ ಕೂತಿರುತ್ತಿದ್ದರು.

ಲ್ಯಾಂಡ್‌ಲೈನ್ ನೆನಪಾಯಿತು. ತಾಮ್ರದ ತಂತಿಯ ಆ ಫೋನಿಗೆ ಮನೆಯ ಕರೆಂಟ್ ಬೇಕಿರಲಿಲ್ಲ. ಅದರ ಶಕ್ತಿ ಎಕ್ಸ್‌ಚೇಂಜಿನಿಂದ, 48 ವೋಲ್ಟಿನ ಬ್ಯಾಟರಿಗಳಿಂದ, ಅದೇ ತಂತಿಯಲ್ಲಿ ಬರುತ್ತಿತ್ತು. ಊರಿಡೀ ಕತ್ತಲಾದರೂ ಮಾತಾಡಬಹುದಿತ್ತು, ತಂತಿಯ ಮೇಲೆ ಮರ ಬೀಳದಿದ್ದರೆ. ಆ ಸೌಲಭ್ಯ ಹೋಯಿತು. ಮನೆಯಲ್ಲಿ ಫೈಬರ್ ಇಂಟರ್‌ನೆಟ್ ಇದ್ದವರಿಗೆ ಅದರ ಒಂದು ಭಾಗ ವಾಪಸ್ ಸಿಗುತ್ತದೆ, ಅದು ಎಷ್ಟೋ ಜನರಿಗೆ ಗೊತ್ತಿಲ್ಲ.

ಅದು ವೈಫೈ ಕಾಲಿಂಗ್. ಏರ್‌ಟೆಲ್ 2019ರ ಕೊನೆಗೆ, ಜಿಯೋ 2020ರ ಮೊದಲಿಗೆ ಇದನ್ನು ತಂದವು. ಮಾಮೂಲಿ ನಂಬರಿಗೆ ಬರುವ ಮಾಮೂಲಿ ಕರೆಯೇ ಟವರಿನ ಬದಲು ಮನೆಯ ವೈಫೈ ಮೂಲಕ ಬರುತ್ತದೆ. ವಾಟ್ಸ್ಆಪ್ ಬೇಕಿಲ್ಲ, ಬೇರೆ ಆಪ್ ಬೇಕಿಲ್ಲ. ಸಿಮ್ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಆಮೇಲೆ ಏರ್‌ಪ್ಲೇನ್ ಮೋಡ್ ಹಾಕಿ, ಅದರ ಮೇಲೆ ವೈಫೈ ಮಾತ್ರ ಮತ್ತೆ ಆನ್ ಮಾಡಿ. ಈಗ ಟವರ್ ಹುಡುಕಾಟ ಪೂರ್ತಿ ನಿಂತಿರುತ್ತದೆ, ಆದರೂ ಕರೆ ಬರುತ್ತದೆ, ಹೋಗುತ್ತದೆ. ರೂಟರ್ ಐದು ಮೀಟರ್ ದೂರದಲ್ಲಿರುವುದರಿಂದ ಫೋನು ಮೆಲ್ಲಗೆ ಮಾತಾಡಿದರೆ ಸಾಕು. ಏರ್‌ಪ್ಲೇನ್ ಮೋಡ್ ಹಾಕದೆ ವೈಫೈ ಕಾಲಿಂಗ್ ಮಾತ್ರ ಇಟ್ಟರೆ ಕರೆ ಚೆನ್ನಾಗಿ ಬರುತ್ತದೆ ನಿಜ, ಆದರೆ ಹಿಂದುಗಡೆ ಟವರಿನ ಹುಡುಕಾಟ ನಡೆಯುತ್ತಲೇ ಇರುತ್ತದೆ.

ರೂಟರಿಗೆ ಕರೆಂಟ್ ಎಲ್ಲಿಂದ ಅಂತ ಕೇಳಬಹುದು. ಇನ್ವರ್ಟರ್ ಇದ್ದರೆ ಅದಕ್ಕೆ ಕೊಡಿ. ಇಲ್ಲದಿದ್ದರೆ ರೂಟರಿಗಾಗಿಯೇ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ಬೆಲೆಯೂ ಜಾಸ್ತಿ ಇಲ್ಲ. ಹಳ್ಳಿಗಳಿಗೆ ಫೈಬರ್ ಎಳೆದಿರುವುದು ಬಹಳ ಕಡೆ ಸ್ಥಳೀಯ ಕೇಬಲ್‌ನವರು. ಲೈನ್ ಹಾಕಿಸುವಾಗ ನಿಮ್ಮ ಕಡೆ ಕರೆಂಟ್ ಹೋದಾಗ ಎಷ್ಟು ಹೊತ್ತು ನೆಟ್ ಇರುತ್ತದೆ ಅಂತ ಅವರನ್ನು ಕೇಳಿಕೊಳ್ಳಿ. ಸ್ಪೀಡ್ ಎಷ್ಟು ಅನ್ನುವುದಕ್ಕಿಂತ ಈ ಪ್ರಶ್ನೆ ಮುಖ್ಯ.

ಇನ್ನು ಪರದೆ. ಇಲ್ಲಿ ಹೊಸದಾಗಿ ಹೇಳುವುದು ಕಡಿಮೆ. ಬ್ರೈಟ್‌ನೆಸ್ ಇಳಿಸಿ, ಪರದೆ ಆರುವ ಸಮಯ ಮೂವತ್ತು ಸೆಕೆಂಡಿಗೆ ತನ್ನಿ, ಪರದೆಯ ಚಿತ್ರ ಸೆಕೆಂಡಿಗೆ ಎಷ್ಟು ಸಲ ಬದಲಾಗಬೇಕು ಅನ್ನುವುದು 120 ಹರ್ಟ್ಸ್ ಅಂತ ಇದ್ದರೆ 60ಕ್ಕೆ ಇಳಿಸಿ, ಆರಿದಾಗಲೂ ಗಡಿಯಾರ ತೋರಿಸುವ ಆಲ್‌ವೇಸ್ ಆನ್ ಡಿಸ್‌ಪ್ಲೇ ತೆಗೆಯಿರಿ. ಕರೆಂಟಿಲ್ಲದ ಕತ್ತಲೆ ಮನೆಯಲ್ಲಿ ಕಾಲು ಭಾಗ ಬೆಳಕೂ ಕಣ್ಣಿಗೆ ಧಾರಾಳ.

ಡಾರ್ಕ್ ಮೋಡ್ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು, ಯಾಕೆಂದರೆ ಅದರ ಮೇಲೆ ಜನರಿಗೆ ಬಹಳ ನಂಬಿಕೆ. ಪರದೆ ಓಎಲ್‌ಇಡಿ ಆಗಿದ್ದರೆ ಕಪ್ಪು ಜಾಗದ ಚುಕ್ಕೆಗಳು ಆರಿಯೇ ಇರುತ್ತವೆ, ಹಾಗಾಗಿ ಉಳಿತಾಯ ನಿಜ. ಎಲ್‌ಸಿಡಿ ಆಗಿದ್ದರೆ ಪರದೆಯ ಹಿಂದಿನ ದೀಪ ಕಪ್ಪಿಗೂ ಬಿಳಿಗೂ ಒಂದೇ ಸಮ ಉರಿಯುತ್ತದೆ, ಉಳಿಯುವುದು ಏನೂ ಇಲ್ಲ. ಕಡಿಮೆ ಬೆಲೆಯ ಬಹಳಷ್ಟು ಫೋನುಗಳು ಎಲ್‌ಸಿಡಿಯವು. ಓಎಲ್‌ಇಡಿಯಲ್ಲೂ ಎಷ್ಟು ಉಳಿಯುತ್ತದೆ ಅಂತ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಅಳೆದು ನೋಡಿದ್ದರು. ಬ್ರೈಟ್‌ನೆಸ್ ಪೂರ್ತಿ ಇಟ್ಟಾಗ ಸರಾಸರಿ 39ರಿಂದ 47 ಪರ್ಸೆಂಟ್ ಉಳಿತಾಯ. ಮನೆಯೊಳಗೆ ನಾವು ಮಾಮೂಲಿ ಇಟ್ಟುಕೊಳ್ಳುವ 30ರಿಂದ 50ರ ಬ್ರೈಟ್‌ನೆಸ್‌ನಲ್ಲಿ ಬರೀ 3ರಿಂದ 9 ಪರ್ಸೆಂಟ್. ಅಂದರೆ ಬಿಸಿಲಿನಲ್ಲಿ ಓಡಾಡುವವರಿಗೆ ಲಾಭ, ಜಗಲಿಯಲ್ಲಿ ಕೂತು ಓದುವವರಿಗೆ ಅಷ್ಟಕ್ಕಷ್ಟೆ. ಚಿಕ್ಕಪ್ಪನಿಗೆ ಕಪ್ಪು ಹಿನ್ನೆಲೆಯ ಮೇಲೆ ಕನ್ನಡ ಅಕ್ಷರ ಓದಲು ಕಷ್ಟ. ಒತ್ತಕ್ಷರಗಳು ಕಲಸಿಹೋಗುತ್ತವೆ ಅನ್ನುತ್ತಾರೆ. ಅವರ ಫೋನು ಎಲ್‌ಸಿಡಿ. ಬಿಳಿಯನ್ನೇ ಇಟ್ಟೆವು.

ಇನ್ನೊಂದು ಅಭ್ಯಾಸದ ಬಗ್ಗೆ ನನಗೆ ಖಂಡಿತ ಅಭಿಪ್ರಾಯ ಇದೆ. ಕೆಳಗಿನಿಂದ ಮೇಲಕ್ಕೆ ಎಳೆದು, ತೆರೆದಿರುವ ಆಪ್‌ಗಳನ್ನೆಲ್ಲ ಒಂದೊಂದಾಗಿ ಹೊರಗೆ ತಳ್ಳುವುದು. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಎಲ್ಲಿ ನೋಡಿದರೂ ಜನ ಇದನ್ನು ಮಾಡುತ್ತಿರುತ್ತಾರೆ. ಇದರಿಂದ ಚಾರ್ಜು ಉಳಿಯುವುದಿಲ್ಲ. 2016ರಲ್ಲಿ ಒಬ್ಬ ಗ್ರಾಹಕ ಆಪಲ್ ಕಂಪನಿಗೆ ಪತ್ರ ಬರೆದು, ಹೀಗೆ ಆಪ್ ಮುಚ್ಚುವುದರಿಂದ ಬ್ಯಾಟರಿ ಉಳಿಯುತ್ತದೆಯೇ ಅಂತ ಕೇಳಿದ್ದ. ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಗಿ ಇಲ್ಲ ಅಂತ ಉತ್ತರ ಕೊಟ್ಟರು. ಅದರ ಬೆನ್ನಿಗೇ ಆಂಡ್ರಾಯ್ಡ್ ನೋಡಿಕೊಳ್ಳುತ್ತಿದ್ದ ಗೂಗಲ್‌ನ ಹಿರೋಶಿ ಲಾಕ್‌ಹೈಮರ್ ಕೂಡ ಅದನ್ನೇ ಹೇಳಿದರು, ಹಾಗೆ ಮುಚ್ಚುವುದರಿಂದ ಸ್ವಲ್ಪ ನಷ್ಟವೇ ಆಗಬಹುದು ಅಂದರು. ಕಾರಣ ಇಷ್ಟೇ. ಆ ಪಟ್ಟಿಯಲ್ಲಿ ಕಾಣುವ ಆಪ್‌ಗಳಲ್ಲಿ ಹೆಚ್ಚಿನವು ಆಗಲೇ ನಿದ್ದೆಯಲ್ಲಿ ಇರುತ್ತವೆ. ತಳ್ಳಿ ಹಾಕಿದ ಆಪನ್ನು ಹತ್ತು ನಿಮಿಷ ಬಿಟ್ಟು ಮತ್ತೆ ತೆರೆದರೆ ಅದು ಮೊದಲಿಂದ ಎದ್ದು ಕೂರಬೇಕು, ಆಗಲೇ ಖರ್ಚು. ಬ್ಯಾಟರಿ ಸೇವರ್, ಬೂಸ್ಟರ್ ಅಂತ ಹೆಸರಿಟ್ಟುಕೊಂಡು ಬರುವ ಆಪ್‌ಗಳು ಮಾಡುವುದೂ ಇದನ್ನೇ, ಮೇಲಿಂದ ಜಾಹೀರಾತು ಬೇರೆ. ಇಂಥವು ಫೋನಿನಲ್ಲಿ ಇದ್ದರೆ ತೆಗೆದುಹಾಕಿ.

ಆಂಡ್ರಾಯ್ಡ್‌ಗೆ ತನ್ನದೇ ಬುದ್ಧಿ ಇದೆ. 2015ರ 6.0 ಆವೃತ್ತಿಯಲ್ಲಿ ಡೋಜ್ ಬಂತು. ಫೋನು ಅಲುಗಾಡದೆ, ಪರದೆ ಆರಿ, ಚಾರ್ಜಿಗೂ ಹಾಕದೆ ಬಿದ್ದಿದ್ದರೆ ಆಪ್‌ಗಳ ಓಡಾಟವನ್ನು ಅದು ತಡೆಹಿಡಿಯುತ್ತದೆ. ಆಗಾಗ ಒಂದು ಸಣ್ಣ ಬಿಡುವು ಕೊಟ್ಟು ಎಲ್ಲದರ ಕೆಲಸವನ್ನೂ ಒಟ್ಟಿಗೆ ಮುಗಿಸಿಕೊಳ್ಳಲು ಬಿಡುತ್ತದೆ. 2018ರ 9ನೇ ಆವೃತ್ತಿಯಲ್ಲಿ ಅಡಾಪ್ಟಿವ್ ಬ್ಯಾಟರಿ ಬಂತು. ನೀವು ಅಪರೂಪಕ್ಕೆ ತೆರೆಯುವ ಆಪ್‌ಗಳನ್ನು ಅದು ಹಿಂದಕ್ಕೆ ತಳ್ಳುತ್ತದೆ. ಈ ಎರಡನ್ನೂ ಅವುಗಳ ಪಾಡಿಗೆ ಬಿಡುವುದು ಒಳ್ಳೆಯದು.

ಆದರೆ ಕೆಲವು ಫೋನ್ ಕಂಪನಿಗಳು ಇದರ ಮೇಲೆ ತಮ್ಮದೂ ಒಂದು ಬಿಗಿ ಹಾಕಿರುತ್ತವೆ. ಚಾರ್ಜು ಎರಡು ದಿನ ಬರುತ್ತದೆ ಅಂತ ತೋರಿಸಲು, ಕೇಳದೆಯೇ ಆಪ್‌ಗಳನ್ನು ಮಲಗಿಸುತ್ತವೆ. ಚಿಕ್ಕಮ್ಮನ ಫೋನಿನಲ್ಲಿ ಮಾತ್ರೆ ನೆನಪಿಸುವ ಒಂದು ಆಪ್ ಇತ್ತು, ಮಗಳು ಹಾಕಿಕೊಟ್ಟದ್ದು. ಬೆಳಿಗ್ಗೆ ಬಿಪಿ ಮಾತ್ರೆ, ರಾತ್ರಿ ಇನ್ನೊಂದು. ಕೆಲವು ದಿನ ಅದು ಸದ್ದೇ ಮಾಡುತ್ತಿರಲಿಲ್ಲ. ಚಿಕ್ಕಮ್ಮ ತಮಗೇ ಮರೆವು ಬಂದಿದೆ ಅಂದುಕೊಂಡಿದ್ದರು. ನೋಡಿದರೆ ಫೋನೇ ಆ ಆಪನ್ನು ನಿದ್ದೆಗೆ ಹಾಕಿತ್ತು, ದಿನಕ್ಕೆ ಎರಡು ಸಲ ಬೆಲ್ ಹೊಡೆಯುವ ಆಪನ್ನು ಚಾರ್ಜು ತಿನ್ನುವ ಆಪ್ ಅಂತ ಎಣಿಸಿ. ನನಗೆ ಸಿಟ್ಟು ಬಂದದ್ದು ನಿಜ. ವಯಸ್ಸಾದವರ ಮಾತ್ರೆಗಿಂತ ಮುಖ್ಯವಾದ ಕೆಲಸ ಆ ಫೋನಿಗೆ ಏನಿತ್ತು? ಒಬ್ಬರು ತಮ್ಮ ನೆನಪಿನ ಮೇಲೆ ನಂಬಿಕೆ ಕಳೆದುಕೊಳ್ಳುವಷ್ಟು ಆಗಿತ್ತಲ್ಲ.

ಹಾಗಾಗಿ ನಿಮ್ಮ ಅಪ್ಪ ಅಮ್ಮನ ಫೋನ್ ಕೈಗೆ ಸಿಕ್ಕಾಗ ಒಂದು ಕೆಲಸ ಮಾಡಿ. ಆ ಫೋನಿನಿಂದ ಅವರಿಗೆ ನಿಜವಾಗಿ ಏನು ಬೇಕು ಅಂತ ಕೇಳಿ. ಕರೆ, ವಾಟ್ಸ್ಆಪ್ ಮೆಸೇಜ್, ಮಾತ್ರೆಯ ಅಲಾರಂ, ಹಾಲಿನ ಡೈರಿಯ ಲೆಕ್ಕ, ಹವಾಮಾನ, ಏನೋ ನಾಲ್ಕೈದು ಬರುತ್ತವೆ. ಆ ಆಪ್‌ಗಳ ಆಪ್ ಇನ್ಫೋ ತೆರೆದು, ಬ್ಯಾಟರಿ ಅನ್ನುವಲ್ಲಿ ಅನ್‌ರಿಸ್ಟ್ರಿಕ್ಟೆಡ್ ಮಾಡಿ. ಅವು ಎಷ್ಟು ತಿಂದರೂ ತಿನ್ನಲಿ. ಉಳಿದ ಶಾಪಿಂಗ್, ಗೇಮ್, ಸಾಲ ಕೊಡುತ್ತೇವೆ ಅನ್ನುವ ಆಪ್, ಒಂದೇ ಸಲ ಬಳಸಿ ಬಿಟ್ಟದ್ದು, ಇವನ್ನೆಲ್ಲ ರಿಸ್ಟ್ರಿಕ್ಟೆಡ್ ಮಾಡಿ ಅಥವಾ ತೆಗೆದೇ ಹಾಕಿ. ಮಾತ್ರೆಗೆ ಮಾತ್ರ ಫೋನಿನ ಜೊತೆಗೇ ಬರುವ ಗಡಿಯಾರದ ಅಲಾರಂ ಇಡುವುದು ಹೆಚ್ಚು ಭದ್ರ. ಫೋನು ಸ್ವಿಚ್ ಆಫ್ ಆಗದಿದ್ದರೆ ಅದು ಹೊಡೆದೇ ಹೊಡೆಯುತ್ತದೆ, ಏರ್‌ಪ್ಲೇನ್ ಮೋಡ್‌ನಲ್ಲೂ.

ಲೊಕೇಶನ್ ವಿಷಯದಲ್ಲಿ ಎಲ್ಲ ಆಪ್‌ಗಳಿಗೂ ಬಳಸುವಾಗ ಮಾತ್ರ ಅನ್ನುವ ಅನುಮತಿ ಕೊಡಿ. ವಾಟ್ಸ್ಆಪ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ ಒಳಗೆ ಮೀಡಿಯಾ ಆಟೋ ಡೌನ್‌ಲೋಡ್ ಇದೆ. ಮೊಬೈಲ್ ಡೇಟಾ ಬಳಸುವಾಗ ಯಾವುದೂ ಬೇಡ ಅಂತ ಮಾಡಿ. ಶುಭೋದಯದ ಚಿತ್ರ, ವೀಡಿಯೊ ಎಲ್ಲ ದುರ್ಬಲ ಸಿಗ್ನಲ್‌ನಲ್ಲಿ ಇಳಿದು ಬರಬೇಕಾದರೆ ಫೋನು ಎಷ್ಟು ಕಷ್ಟಪಡುತ್ತದೆ ಅಂತ ಈಗ ನಿಮಗೆ ಅಂದಾಜಾಗಿರಬಹುದು. ಚಿಕ್ಕಪ್ಪನಿಗೆ ಯಕ್ಷಗಾನದ ಪ್ರಸಂಗ ನೋಡುವ ಹುಚ್ಚು. ಸಂಜೆ ಹೊತ್ತು ಮೈನಸ್ 110ರಲ್ಲಿ ವೀಡಿಯೊ ನೋಡುವುದು ಅಂದರೆ ಪರದೆ, ಸಿಗ್ನಲ್ ಹಿಡಿಯುವ ಭಾಗ ಎರಡೂ ಒಟ್ಟಿಗೆ ದುಡಿಯಬೇಕು. ಕರೆಂಟ್ ಇರುವಾಗ ವೈಫೈಯಲ್ಲಿ ಇಳಿಸಿಟ್ಟುಕೊಂಡು ಆಮೇಲೆ ನೋಡುವುದು ಅಂತ ಒಪ್ಪಿದ್ದಾರೆ. ಮಳೆ ಗಾಳಿಯ ದಿನ ಸುದ್ದಿ ಮುಟ್ಟಿಸಬೇಕಾದರೆ ವಾಟ್ಸ್ಆಪ್ ಬಿಟ್ಟು ಮಾಮೂಲಿ ಎಸ್‌ಎಂಎಸ್ ಕಳಿಸಿ. ನೆಟ್ ಸಿಗದ ಕಡೆಯೂ ಅದು ನುಸುಳಿ ಹೋಗುತ್ತದೆ. ದೀಪಕ್ಕೆ ಬೇರೆ ಟಾರ್ಚ್ ಇಟ್ಟುಕೊಳ್ಳಿ. ಕೊಟ್ಟಿಗೆಗೆ ಹೋಗಿ ಬರಲು ಫೋನಿನ ಬೆಳಕು ಖರ್ಚು ಮಾಡಬಾರದು.

ಹಿರಿಯರು ಕೇಳುವ ಒಂದು ಪ್ರಶ್ನೆ ಇದೆ: ಮೊದಲಿನ ಫೋನು ವಾರಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕಿತ್ತಲ್ಲ? ಸಾಕಿತ್ತು. 2003ರಲ್ಲಿ ಬಂದ ನೋಕಿಯಾ 1100ರ ಬ್ಯಾಟರಿ ಬರೀ 850 ಎಂಎಎಚ್, ಈಗಿನದರ ಆರನೇ ಒಂದು ಭಾಗ. ಬೊಟ್ಟಗಲದ ಕಪ್ಪು ಬಿಳಿ ಪರದೆ, ಒಂದು ಟಾರ್ಚ್, ಒಂದೇ ಸಿಮ್, ಕರೆ ಬಂತೇ ಅಂತ ಆಗಾಗ ಕಿವಿಗೊಟ್ಟು ಮತ್ತೆ ಮಲಗುವುದು, ಅಷ್ಟೇ ಅದರ ಕೆಲಸ. ಬಿಎಸ್‌ಎನ್‌ಎಲ್ ಸಿಗ್ನಲ್ ಇರುವ ಕಡೆ ಮಳೆಗಾಲಕ್ಕೆ ಅಂತಲೇ ಒಂದು ಕೀಪ್ಯಾಡ್ ಫೋನ್ ಇಟ್ಟುಕೊಂಡಿರುವ ಮನೆಗಳನ್ನು ನೋಡಿದ್ದೇನೆ. ಒಳ್ಳೆಯ ಉಪಾಯ. ಜಿಯೋ ಸಿಮ್ ಹಾಕುವುದಾದರೆ ಮಾತ್ರ 4ಜಿ ಇರುವ ಕೀಪ್ಯಾಡ್ ಫೋನೇ ಬೇಕು.

ದಿನದ ಚಾರ್ಜು ಒಂದು ಕಡೆ, ಬ್ಯಾಟರಿಯ ಆಯಸ್ಸು ಇನ್ನೊಂದು ಕಡೆ. ಲಿಥಿಯಂ ಅಯಾನ್ ಬ್ಯಾಟರಿ ಮೊದಲು ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ಸೋನಿಯಿಂದ. ಅದನ್ನು ಸಾಧ್ಯ ಮಾಡಿದ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅವರಲ್ಲಿ ಜಾನ್ ಗುಡ್‌ಇನಫ್‌ಗೆ ಆಗ 97 ವರ್ಷ. ಈ ಬ್ಯಾಟರಿಗೆ ಆಗದೆ ಇರುವುದು ಎರಡು: ಬಿಸಿ, ಮತ್ತು ಸದಾ ತುಂಬಿಕೊಂಡೇ ಇರುವುದು. ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡಬೇಕು ಅನ್ನುವುದು ಹಳೆಯ ನಿಕ್ಕಲ್ ಬ್ಯಾಟರಿಗಳ ಕಾಲದ ಮಾತು, ಇದಕ್ಕೆ ಬೇಕಿಲ್ಲ. ಐಫೋನನ್ನು 35 ಡಿಗ್ರಿಗಿಂತ ಬಿಸಿ ಇರುವ ಕಡೆ ಬಳಸಬೇಡಿ ಅಂತ ಆಪಲ್ ಹೇಳುತ್ತದೆ. ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಏಪ್ರಿಲ್ ಬಿಸಿಲಿಗೆ ಬಿಟ್ಟ ಫೋನು, ಗ್ಯಾಸ್ ಒಲೆಯ ಪಕ್ಕದ ಸ್ಲ್ಯಾಬಿನ ಮೇಲೆ ಚಾರ್ಜಿಗೆ ಇಟ್ಟ ಫೋನು ಇದನ್ನು ಸುಲಭವಾಗಿ ದಾಟುತ್ತವೆ. ದಿಂಬಿನ ಕೆಳಗೆ ಚಾರ್ಜಿಗೆ ಇಡುವುದಂತೂ ಬೇಡವೇ ಬೇಡ.

ಹೊಸ ಫೋನುಗಳಲ್ಲಿ ಚಾರ್ಜನ್ನು 80ಕ್ಕೇ ನಿಲ್ಲಿಸುವ ಸೆಟ್ಟಿಂಗ್ ಇದೆ. ಡಿಸೆಂಬರ್‌ನಿಂದ ಮೇವರೆಗೆ, ಕರೆಂಟ್ ಸರಿಯಾಗಿ ಇರುವ ದಿನಗಳಲ್ಲಿ ಅದನ್ನು ಹಾಕಿಟ್ಟರೆ ಬ್ಯಾಟರಿ ಹೆಚ್ಚು ವರ್ಷ ಬಾಳುತ್ತದೆ. ಜೂನ್ ಬಂತೆಂದರೆ ತೆಗೆದುಬಿಡಿ. ಆಕಾಶ ಕಪ್ಪಾದ ದಿನ ನೂರು ತುಂಬಿಸಿ ಇಟ್ಟುಕೊಳ್ಳುವುದೇ ಸರಿ. ಬ್ಯಾಟರಿಯ ಆಯಸ್ಸು ನಾಲ್ಕು ತಿಂಗಳು ಕಡಿಮೆಯಾದರೂ ಚಿಂತೆಯಿಲ್ಲ, ಆಗುಂಬೆ ಸೀಮೆಯ ಮಳೆಯಲ್ಲಿ 20 ಪರ್ಸೆಂಟ್ ಅಂದರೆ ಒಂದು ರಾತ್ರಿ.

ಎಷ್ಟು ಸೆಟ್ಟಿಂಗ್ಸ್ ಬದಲಿಸಿದರೂ ಉಪಯೋಗ ಇಲ್ಲದ ಹಂತ ಒಂದು ಬರುತ್ತದೆ. ಮೂರು ನಾಲ್ಕು ವರ್ಷ ಆದ ಮೇಲೆ, 30 ಇದ್ದದ್ದು ಒಮ್ಮೆಗೇ ಆರಿಹೋಗುತ್ತದೆ ಅಂದರೆ ಬ್ಯಾಟರಿ ಬದಲಾಯಿಸಬೇಕು. ಅದಕ್ಕಾಗಿ ಹೊಸ ಫೋನ್ ಕೊಳ್ಳಬೇಕಾಗಿಲ್ಲ. ಯುರೋಪಿನಲ್ಲಿ 2025ರ ಜೂನ್‌ನಿಂದ, 800 ಸಲ ಚಾರ್ಜ್ ಮಾಡಿದ ಮೇಲೂ ಫೋನಿನ ಬ್ಯಾಟರಿಯಲ್ಲಿ 80 ಪರ್ಸೆಂಟ್ ಶಕ್ತಿ ಉಳಿದಿರಬೇಕು ಅಂತ ನಿಯಮ ಬಂದಿದೆ. ನಮ್ಮಲ್ಲೂ ಅಂಥದ್ದು ಬರಬೇಕು ಅಂತ ನನ್ನ ಆಸೆ. ನಗರದವರಿಗಿಂತ ಹಳ್ಳಿಯವರು ಒಂದೇ ಫೋನನ್ನು ಹೆಚ್ಚು ವರ್ಷ ಇಟ್ಟುಕೊಳ್ಳುತ್ತಾರೆ, ಅವರಿಗೇ ಅದು ಹೆಚ್ಚು ಬೇಕು. ಬದಲಾಯಿಸುವುದಿದ್ದರೆ ಮೇ ತಿಂಗಳಲ್ಲೇ ಪೇಟೆಗೆ ಹೋದಾಗ ಮಾಡಿಸಿಬಿಡಿ. ಆ ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ಮಾಡಿಸಿದರೆ ಒಳ್ಳೆಯದು.

ಫೋನಿನ ಹಿಂದಿನ ಮುಚ್ಚಳ ಎದ್ದಿದ್ದರೆ, ಪರದೆ ಒಂದು ಬದಿಯಲ್ಲಿ ಮೇಲೆ ಬಂದಿದ್ದರೆ ಒಳಗೆ ಬ್ಯಾಟರಿ ಉಬ್ಬಿದೆ ಅಂತ ಅರ್ಥ. ಅಂಥದ್ದನ್ನು ಚಾರ್ಜಿಗೆ ಹಾಕಲೇಬೇಡಿ. ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಬೇಡಿ. ಹಳೆಯ ಬ್ಯಾಟರಿಯನ್ನು ಬಚ್ಚಲೊಲೆಗೆ ಎಸೆಯುವುದು, ಗೊಬ್ಬರಗುಂಡಿಗೆ ಹಾಕುವುದು ನಮ್ಮ ಕಡೆ ಇನ್ನೂ ಇದೆ. ಬೆಂಕಿಗೆ ಬಿದ್ದರೆ ಅದು ಸಿಡಿಯುತ್ತದೆ. ವಾಪಸ್ ಪಡೆದು ಸರಿಯಾಗಿ ವಿಲೇವಾರಿ ಮಾಡುವ ಜವಾಬ್ದಾರಿಯನ್ನು 2022ರ ನಿಯಮಗಳು ಬ್ಯಾಟರಿ ತಯಾರಿಸುವವರ ಮೇಲೆ ಹಾಕಿವೆ. ಹಾಗಾಗಿ ಹೊಸದು ಹಾಕಿಸಿದ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟು ಬನ್ನಿ.